ಹಳೆಯ ಪ್ರೊಸೆಸರ್‌ಗೂ ಒಂದು ಜಾಗ

ಶಿಷ್ಯೆ ಕೇಳಿದಳು: “ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶವಾದ ಕರ್ನೆಲ್ ಕಟ್ಟುವಾಗ ಪ್ರೊಸೆಸರ್ ಯಾವುದೆಂದು ಆರಿಸಬೇಕು. ನಾನು ಮೊದಲು ಕಲಿತದ್ದು ಹಳೆಯ ಕಂಪ್ಯೂಟರಿನಲ್ಲಿ, ಈಗ ನನ್ನ ಯಂತ್ರದ್ದು ಹೊಸದು. ಅದನ್ನೇ ಆರಿಸಿದರೆ ಕೆಲಸ ಚುರುಕಾಗುತ್ತದೆ. ಹಾಗಿದ್ದರೆ ಹಳೆಯದಕ್ಕೂ ಹೊಂದುವ ಆ ಸಾಮಾನ್ಯ ಆಯ್ಕೆಯನ್ನು ಇನ್ನೂ ಯಾಕೆ ಉಳಿಸಿದ್ದಾರೆ?”

ಗುರುಗಳು ಹೇಳಿದರು:

ಒಂದು ಬಂದರಿನ ಮೀನುಗಾರರ ಸಂಘದಲ್ಲಿ ಒಂದು ಕಂಪ್ಯೂಟರ್ ಇತ್ತು. ಹವಾಮಾನದ ಎಚ್ಚರಿಕೆ ಬಂದರೆ ಅದು ಕಡಲಲ್ಲಿರುವ ದೋಣಿಗಳ ರೇಡಿಯೋಗೆ ತಾನಾಗಿಯೇ ತಲುಪಿಸುತ್ತಿತ್ತು. ಮೊದಲು ಅದನ್ನು ನೋಡಿಕೊಳ್ಳುತ್ತಿದ್ದವಳು ಫಿಲೋಮಿನಾ. ಆಕೆ ನಿವೃತ್ತಳಾದ ಮೇಲೆ ಪುಂಡಲೀಕ ಎಂಬವನು ಬಂದ. ಅವನ ತಮ್ಮನೂ ದೋಣಿಗೆ ಹೋಗುವವನೇ.

ಪುಂಡಲೀಕ ಶ್ರದ್ಧೆಯ ಮನುಷ್ಯ. ಎಚ್ಚರಿಕೆ ಕ್ಷಣವೂ ತಡವಾಗಬಾರದೆಂದು ಅವನು ಆ ಯಂತ್ರದ ಪ್ರೊಸೆಸರನ್ನೇ ಆರಿಸಿ ಹೊಸ ಕರ್ನೆಲ್ ಕಟ್ಟಿದ. ಯಂತ್ರ ಚುರುಕಾಯಿತು. ಎಲ್ಲರೂ ಮೆಚ್ಚಿದರು.

ಒಂದು ಮಧ್ಯಾಹ್ನ ಸಿಡಿಲು ಬಡಿದು ಯಂತ್ರ ಸುಟ್ಟುಹೋಯಿತು. ಡಿಸ್ಕ್ ಮಾತ್ರ ಉಳಿಯಿತು. ಗಾಳಿ ಏಳುತ್ತಿತ್ತು. ದೋಣಿಗಳು ದೂರದಲ್ಲಿದ್ದವು, ತಮ್ಮನದೂ ಅವುಗಳ ಜೊತೆಗಿತ್ತು. ಪಕ್ಕದ ಹೊಲಿಗೆ ತರಗತಿಯಿಂದ ಹಳೆಯದೊಂದು ಕಂಪ್ಯೂಟರ್ ಹೊತ್ತು ತಂದರು. ಪುಂಡಲೀಕ ಅದಕ್ಕೆ ಡಿಸ್ಕ್ ಜೋಡಿಸಿದ. ಪರದೆಯ ಮೇಲೆ ಒಂದು ಸಾಲು ಮೂಡಿತು, ಅಲ್ಲೇ ನಿಂತಿತು. ಹೊಸ ಪ್ರೊಸೆಸರ್‌ಗೆಂದು ಕಟ್ಟಿದ ಕರ್ನೆಲಿನ ಆಜ್ಞೆಗಳು ಹಳೆಯದಕ್ಕೆ ತಿಳಿಯಲಿಲ್ಲ. ಮತ್ತೆ ಕಟ್ಟಲು ಹೊತ್ತಿರಲಿಲ್ಲ.

ಅವನು ಫಿಲೋಮಿನಾಗೆ ಫೋನ್ ಮಾಡಿ ಆದದ್ದನ್ನು ಹೇಳಿದ. ಆಕೆ ತಾನು ಹಿಂದೆ ಕಟ್ಟಿದ್ದ ಕರ್ನೆಲ್ ಇದ್ದ ಡಿಸ್ಕನ್ನು ಸ್ಕೂಟರಿನಲ್ಲಿ ತಂದಳು. ಹಳೆಯ ಯಂತ್ರ ನಿಧಾನವಾಗಿ ಎದ್ದಿತು. ಎಚ್ಚರಿಕೆ ದೋಣಿಗಳಿಗೆ ತಲುಪಿತು. ದೋಣಿಗಳು ಒಂದೊಂದಾಗಿ ದಡಕ್ಕೆ ತಿರುಗಿದವು. ತಮ್ಮ ಎಲ್ಲರಿಗಿಂತ ಕೊನೆಗೆ ಬಂದ. ಮೈಯೆಲ್ಲ ಒದ್ದೆ. ತಿನ್ನಲು ಏನಿದೆ ಎಂದು ಕೇಳಿದ.

ಮರುದಿನ ಪುಂಡಲೀಕ ತಮ್ಮ ಹಿಡಿದ ಬಂಗುಡೆಯನ್ನು ತೆಗೆದುಕೊಂಡು ಆಕೆಯ ಮನೆಗೆ ಹೋದ. ಬುಟ್ಟಿಯನ್ನು ಜಗಲಿಯ ಮೇಲೆ ಇಟ್ಟ. ಆಮೇಲೆ ಕೇಳಿದ: “ಇಂಥ ಯಂತ್ರ ಬರ್ತದೆ ಅಂತ ನಿಮಗೆ ಗೊತ್ತಿತ್ತಾ, ಫಿಲೋಮಿನಾ ಬಾಯಿ?”

“ಗೊತ್ತಿರಲಿಲ್ಲ ಮಗಾ. ಯಾವುದು ಬರ್ತದೆ ಅಂತ ಗೊತ್ತಿಲ್ಲದ್ದಕ್ಕೇ ಎಲ್ಲದಕ್ಕೂ ಆಗುವ ಹಾಗೆ ಕಟ್ಟಿದ್ದೆ.”

ಅವನ ಕಣ್ಣು ತುಂಬಿತು. ಆಕೆ ಮೀನು ತೊಳೆಯಲು ಒಳಗೆ ಹೋದಳು, ಊಟ ಮಾಡಿಕೊಂಡೇ ಹೋಗು ಎಂದಳು. ಅವನು ಉಂಡು ಬಂದ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಹಾಗಾದರೆ ತಾನು ಹೊಸದನ್ನು ಆರಿಸುವುದು ತಪ್ಪೇ ಎಂದು ಶಿಷ್ಯೆ ಕೇಳಿದಳು. ತಪ್ಪಲ್ಲ, ನಿನ್ನ ಯಂತ್ರಕ್ಕೆ ಅದೇ ಸರಿ ಎಂದರು ಅವರು. ಆಮೇಲೆ ಕೇಳಿದರು:

“ನೀನು ಮೊದಲು ಕಲಿತ ಆ ಹಳೆಯ ಕಂಪ್ಯೂಟರಿಗೂ ಆಗಲೆಂದು ಕರ್ನೆಲ್ ಕಟ್ಟಿಟ್ಟಿದ್ದವರ ಹೆಸರು ನಿನಗೆ ಗೊತ್ತೇ?”