ಬಾಲ್ದಿಯ ಭರವಸೆ

ಅಳಿವೆಯಲ್ಲಿ ಬೀಸಿದ ಬಲೆಯಿಂದ ಮರಿ ಬೂತಾಯಿ ಮೀನೊಂದು ದೋಣಿಯೊಳಗಿನ ನೀರು ತುಂಬಿದ ಬಾಲ್ದಿಗೆ ಬಿತ್ತು. ದೋಣಿ ಇನ್ನೂ ದಡದ ಹತ್ತಿರವೇ ಇತ್ತು.

"ಬಾಲ್ದಿಯಣ್ಣ, ನನ್ನವರು ಇಲ್ಲೇ ಕೆಳಗಿದ್ದಾರೆ. ಹಾರಿಬಿಡಲೇ?" ಎಂದು ಮೀನು ಕೇಳಿತು.

"ಎಂಥ ಅವಸರ ಮಾರಾಯ್ತಿ? ಮೀನುಗಾರ ಆಗಾಗ ನೀರು ಬದಲಿಸುತ್ತಾನೆ. ಬಿಸಿಲು ತಾಗದಂತೆ ಒದ್ದೆ ಗೋಣಿ ಹೊದಿಸುತ್ತಾನೆ. ಏಳು ವರ್ಷಗಳಲ್ಲಿ ನನ್ನೊಳಗೆ ಒಂದು ಮೀನೂ ಸತ್ತಿಲ್ಲ."

"ಒಂದೂ ಇಲ್ಲವೇ? ಹೊರಗೆ ಕೊಕ್ಕರೆಗೆ ಹೆದರಿಯೇ ನಮ್ಮ ದಿನ ಹೋಗುತ್ತದೆ."

"ಮತ್ತೆ? ಸುಮ್ಮನೆ ಇರು."

ಮೀನು ಹಾರಲಿಲ್ಲ. ದೋಣಿ ಆಳದ ನೀರಿಗೆ ಹೋಯಿತು. ಮೀನುಗಾರ ನೀರು ಬದಲಿಸಿದ, ಗೋಣಿಯನ್ನೂ ಹೊದಿಸಿದ. ಸ್ವಲ್ಪ ಹೊತ್ತಿನ ಮೇಲೆ ಗೋಣಿ ಸರಿಸಿ, ಮೀನನ್ನು ನೋವಾಗದಂತೆ ಮೆತ್ತಗೆ ಹಿಡಿದ. ಅವನ ಇನ್ನೊಂದು ಕೈಯಲ್ಲಿ ಗಾಳವಿತ್ತು.

"ಜೀವ ಇದ್ದರೆ ಮಾತ್ರ ಅಂಜಲ್‌ನಂಥ ದೊಡ್ಡ ಮೀನು ಬಾಯಿ ಹಾಕುವುದು" ಎಂದು ಅವನು ತನ್ನಷ್ಟಕ್ಕೆ ಹೇಳಿಕೊಂಡ.

"ಅಣ್ಣಾ, ಈ ಉಪಚಾರವೆಲ್ಲ ಇದಕ್ಕಾ?" ಎಂದು ಮೀನು ಕೂಗಿತು.

ಬಾಲ್ದಿ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಾಗಿರಲಿಲ್ಲ.

"ಇಲ್ಲಿಂದ ಹೋದವರು ಏನಾದರೆಂದು ನಾನು ಯಾರನ್ನೂ ಕೇಳಲಿಲ್ಲ, ತಂಗೀ" ಎಂದು ಅದು ಹೇಳುವಷ್ಟರಲ್ಲಿ ಗಾಳ ನೀರಿಗಿಳಿದಿತ್ತು.