ಚಪ್ಪರದೊಳಗಿನ ದೊಡ್ಡಪತ್ರೆ

ಹೊಳೆದಂಡೆಯ ಆಶ್ರಮದಲ್ಲಿ ಕಲ್ಲು ಕೆತ್ತುವ ಚಪ್ಪರವೊಂದಿತ್ತು. ಅಲ್ಲಿದ್ದವರು ಇಬ್ಬರೇ. ಮುದುಕರಾದ ಶಿಲ್ಪಿ ಕಾಳಪ್ಪಾಚಾರ್ಯರು, ಮತ್ತು ಅವರ ಶಿಷ್ಯ ಮೌನೇಶ.

ಆಚಾರ್ಯರು ಉಳಿ ಕೆಳಗಿಟ್ಟು ಎರಡು ವರ್ಷವಾಗಿತ್ತು. ಕಲ್ಲುದೂಳು ಕುಡಿದ ಅವರ ಎದೆಯನ್ನು ಕೆಮ್ಮು ತಿಂದುಹಾಕಿತ್ತು. ನಾಲ್ಕು ಮಾತಾಡಿದರೆ ಕೂತು ಸುಧಾರಿಸಿಕೊಳ್ಳಬೇಕು. ಅವರು ಒಪ್ಪಿಕೊಂಡಿದ್ದ ಕೊನೆಯ ವಿಗ್ರಹ, ಆಶ್ರಮದ ಗುಡಿಯ ಸರಸ್ವತಿ, ಈಗ ಮೌನೇಶನ ಪಾಲಿಗೆ ಬಂದಿತ್ತು.

ಗುರುಗಳು ಬದುಕಿರುವಾಗಲೇ ದೇವಿಯ ಮುಖ ಮುಗಿಸಿ ಅವರಿಗೆ ತೋರಿಸಬೇಕು. ಮೌನೇಶನಿಗೆ ಇದ್ದದ್ದು ಇದೊಂದೇ ಆಸೆ.

ಆಸೆಯೇನೋ ಇತ್ತು, ಮೈಯಲ್ಲಿ ಕಸುವಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಕೂತು ಕೂತು ಸೊಂಟ ಹಿಡಿದುಹೋಗಿತ್ತು. ಬೆರಳು ಜೋಮು ಹಿಡಿಯುತ್ತಿದ್ದವು. ಕಣ್ಣಲ್ಲಿ ಸದಾ ಉರಿ. ಉಂಡದ್ದು ರುಚಿಸುತ್ತಿರಲಿಲ್ಲ, ಮಲಗಿದರೆ ದಣಿವು ಆರುತ್ತಿರಲಿಲ್ಲ.

ಒಂದು ಬೆಳಗ್ಗೆ ಆಚಾರ್ಯರು ಏದುಸಿರು ಬಿಡುತ್ತಾ ಬಂದು, ಅವನ ಪಕ್ಕದಲ್ಲಿ ಸಣ್ಣದೊಂದು ಮಣ್ಣಿನ ಕುಂಡ ಇಟ್ಟರು. ಅದರಲ್ಲಿ ದೊಡ್ಡಪತ್ರೆ ಗಿಡ.

"ನಿಮ್ಮ ಕೆಮ್ಮಿಗಾ ಗುರುಗಳೇ? ಕಷಾಯ ಕಾಯಿಸಿ ಕೊಡಲಾ?"

"ನನಗಲ್ಲ. ಇದು ಇಲ್ಲೇ ಇರ್ಲಿ."

"ಈ ದೂಳಲ್ಲಾ? ಕೆಲಸ ಮಾಡೋ ಜಾಗದಲ್ಲಿ ಗಿಡ ಯಾಕೆ?"

"ನನ್ನ ಗುರುಗಳ ಚಪ್ಪರದಲ್ಲಿ ಗಿಡ ಇರಲಿಲ್ಲ."

"ಅದಕ್ಕೆ?"

ಆಚಾರ್ಯರಿಗೆ ಕೆಮ್ಮು ಬಂತು. ಅದು ನಿಲ್ಲುವವರೆಗೆ ಮೌನೇಶ ಕಾದ. ಕಾದು ಅವನಿಗೆ ಅಭ್ಯಾಸವಾಗಿತ್ತು.

"ಎಲೆಯ ಹಸಿರು ಕಾಣದೇ ಹೋದಾಗ ಎದ್ದು ಹೊಳೆಗೆ ಹೋಗು," ಎಂದರು. "ತೊಳೆದು ತಂದಿಡು. ಅಷ್ಟೇ ಕೆಲಸ."

ಅಷ್ಟೇ ಕೆಲಸವಂತೆ! ದೊಡ್ಡಪತ್ರೆಯ ಎಲೆ ದಪ್ಪ, ಮೇಲೆಲ್ಲ ಸಣ್ಣ ರೋಮ. ಕಲ್ಲಿನ ಪುಡಿ ಒಮ್ಮೆ ಕೂತರೆ ಬಿಡುವುದಿಲ್ಲ. ಮೌನೇಶ ಒಂದಿಷ್ಟು ಕೆತ್ತುವಷ್ಟರಲ್ಲಿ ಗಿಡ ಮೈತುಂಬ ವಿಭೂತಿ ಬಳಿದುಕೊಂಡ ಬೈರಾಗಿಯ ಹಾಗೆ ಕೂತಿರುತ್ತಿತ್ತು. ದಿನಕ್ಕೆ ಮೂರು ಸಲ ಅದನ್ನು ಹೊತ್ತುಕೊಂಡು ಹೊಳೆಗೆ ಹೋಗುವುದು, ಬರುವುದು.

ಗೊಣಗಿಕೊಂಡೇ ಹೋಗುತ್ತಿದ್ದ. ಆದರೆ ಒಂದೊಂದೇ ಎಲೆ ತೊಳೆಯುವಾಗ ಅದರ ಘಾಟು ಮೂಗಿಗೆ ಹೊಡೆದು ತಲೆ ಹಗುರಾಗುತ್ತಿತ್ತು. ಹೇಗೂ ಬಂದಿದ್ದೇನಲ್ಲ ಎಂದು ತನ್ನ ಮುಖಕ್ಕೂ ನೀರು ಎರಚಿಕೊಳ್ಳುತ್ತಿದ್ದ. ಗಿಡದ ನೀರು ಸೋರುವ ತನಕ ಗಾಳಿಗೆ ಕೂರುತ್ತಿದ್ದ. ಆ ಹಸಿರನ್ನು ನೋಡುತ್ತಿದ್ದರೆ ಕಣ್ಣಿನ ಉರಿ ತಗ್ಗುತ್ತಿತ್ತು. ತಿರುಗಿ ಬಂದು ಕೂತಾಗ ಉಳಿ ಹೇಳಿದ ಮಾತು ಕೇಳುತ್ತಿತ್ತು.

ಇದನ್ನು ಗುರುಗಳ ಮುಂದೆ ಒಪ್ಪಿಕೊಳ್ಳುವಷ್ಟು ದೊಡ್ಡ ಮನಸ್ಸು ಅವನಿಗಿನ್ನೂ ಬಂದಿರಲಿಲ್ಲ.

ಗುಡಿಯಲ್ಲಿ ವಿಗ್ರಹದ ಪ್ರತಿಷ್ಠೆಗೆ ಒಂಬತ್ತು ದಿನ ಉಳಿಯಿತು. ದೇವಿಯ ಮುಖ ಇನ್ನೂ ಅರ್ಧದಲ್ಲಿತ್ತು. ಗುರುಗಳು ಹಾಸಿಗೆಯಿಂದ ಏಳುವುದೇ ಕಡಿಮೆಯಾಗಿತ್ತು. ಮೌನೇಶನಿಗೆ ಹೆದರಿಕೆ ಶುರುವಾಯಿತು.

ಅವತ್ತು ಗಿಡವನ್ನು ತೊಳೆದವನು ವಾಪಸ್ಸು ತರಲಿಲ್ಲ. ಹೊಳೆಯ ಮೆಟ್ಟಿಲ ಪಕ್ಕ ನೆರಳು ನೋಡಿ ಇಟ್ಟ.

"ಇಲ್ಲೇ ಹಾಯಾಗಿರಪ್ಪ. ನಿನಗೂ ದೂಳಿಲ್ಲ, ನನಗೂ ಓಡಾಟವಿಲ್ಲ," ಎಂದು ಅದಕ್ಕೆ ಹೇಳಿದ. ತನ್ನ ಜಾಣತನಕ್ಕೆ ತಾನೇ ತಲೆದೂಗಿದ.

ಆಮೇಲೆ ನಾಲ್ಕು ದಿನ ಅವನು ಕೂತ ಜಾಗದಿಂದ ಏಳಲಿಲ್ಲ. ರೊಟ್ಟಿಯನ್ನೂ ಅಲ್ಲೇ ತಿಂದ, ರಾತ್ರಿಯೂ ಅಲ್ಲೇ ಒರಗಿದ.

ಐದನೆಯ ದಿನ ಉಳಿ ಜಾರಿತು.

ದೇವಿಯ ಎಡಗಣ್ಣಿನ ರೆಪ್ಪೆಯ ಮೇಲೆ ಎಳ್ಳಿನಷ್ಟು ಗೀರು. ಉಜ್ಜಿದರೆ ಹೋದೀತು. ಇನ್ನು ಸ್ವಲ್ಪ ಆಳಕ್ಕೆ ಇಳಿದಿದ್ದರೆ ಅಷ್ಟೂ ತಿಂಗಳ ಕೆಲಸ ಮಣ್ಣುಪಾಲಾಗುತ್ತಿತ್ತು. ಮೌನೇಶ ಉಳಿಯನ್ನು ಹಿಂದೆಳೆದುಕೊಂಡ. ಅಳು ಬಂತು. ಅದು ಹೊರಬೀಳುವ ಮೊದಲೇ ಕೆಮ್ಮು ಬಂತು.

ಆ ಸದ್ದು ಕೇಳಿ ಆಚಾರ್ಯರು ಗೋಡೆ ಹಿಡಿದುಕೊಂಡು ಬಂದರು. ಗೀರು ನೋಡಿ ಬೈಯುತ್ತಾರೆ ಎಂದುಕೊಂಡ ಮೌನೇಶ. ಅವರು ವಿಗ್ರಹದ ಕಡೆ ತಿರುಗಲೇ ಇಲ್ಲ. ಅವನ ಪಕ್ಕದ ಖಾಲಿ ಜಾಗ ನೋಡಿದರು.

"ಗಿಡ ಎಲ್ಲೋ?"

"ಹೊಳೆ ಹತ್ರ ಇಟ್ಟಿದೀನಿ ಗುರುಗಳೇ."

"ಯಾಕೆ?"

"ದಿನಕ್ಕೆ ಮೂರು ಸಲ ಏಳೋಕೆ ಹೊತ್ತೆಲ್ಲಿದೆ?"

"ಹೇಗಿದೆ ಅದು?"

"ಚೆನ್ನಾಗಿದೆ. ಚಿಗುರು ಬಂದಿದೆ ಅಂತ ರೊಟ್ಟಿ ತಂದವರು ಹೇಳಿದ್ರು."

"ತಂದು ಇಲ್ಲೇ ಇಡು. ಇನ್ಮೇಲೆ ತೊಳೆಯೋದು ಬೇಡ. ನಿನ್ನ ಹೊತ್ತೂ ಉಳಿಯುತ್ತೆ."

ಮೌನೇಶ ಹೌಹಾರಿದ. "ಬೇಡ ಗುರುಗಳೇ! ತೊಳೀದೆ ಇಲ್ಲಿಟ್ಟರೆ ಸತ್ತೇ ಹೋಗುತ್ತೆ."

"ಎಷ್ಟು ದಿನಕ್ಕೆ?"

"ನಾಲ್ಕು ದಿನವೂ ತಡೆಯಲ್ಲ."

"ನೀನು ಇಲ್ಲಿಂದ ಎದ್ದು ಎಷ್ಟು ದಿನ ಆಯ್ತು?"

ಮೌನೇಶ ಬೆರಳು ಮಡಿಸಿ ಎಣಿಸಿದ. ನಾಲ್ಕಕ್ಕೆ ಬಂದು ನಿಂತ.

ಆಚಾರ್ಯರು ಬಗ್ಗಿ ಅವನ ಹಣೆಯ ಮೇಲೆ ಬೆರಳು ಎಳೆದರು. ಬೆರಳ ತುದಿಯನ್ನು ಅವನ ಕಣ್ಣ ಮುಂದೆ ಹಿಡಿದರು. ಬೂದು ಪುಡಿ ದಪ್ಪಕ್ಕೆ ಮೆತ್ತಿಕೊಂಡಿತ್ತು.

"ಮುಖ ಮುಗಿಸಿ ನಿಮಗೆ ತೋರಿಸಬೇಕು ಗುರುಗಳೇ..." ಎಂದವನಿಗೆ ಮತ್ತೆ ಕೆಮ್ಮು ಒತ್ತರಿಸಿಕೊಂಡು ಬಂತು. ಬೇಗ ನಿಲ್ಲಲಿಲ್ಲ. ಈ ಸಲ ಕಾದವರು ಗುರುಗಳು.

ಕೆಮ್ಮು ನಿಂತ ಮೇಲೆ ಅವನ ಕೈಯಿಂದ ಉಳಿ ಬಿಡಿಸಿಕೊಂಡರು. ಚಪ್ಪರದ ಬಾಗಿಲವರೆಗೆ ನಿಧಾನ ನಡೆದು, ಕಂಬಕ್ಕೆ ಒರಗಿ ನಿಂತರು.

"ಗಿಡವನ್ನ ನೀನು ಹೊತ್ತುಕೊಂಡು ಹೋಗಿ ಆಚೆ ಇಟ್ಟೆ. ನಿನ್ನನ್ನ ಹೊರೋ ಶಕ್ತಿ ನನಗಿಲ್ಲ ಮೌನೇಶ. ಎದ್ದು ನೀನೇ ನಡೆದು ಬಾ."