ಕವಲುತೋಕೆ ಮಣ್ಣಿನ ಬುರುಡೆ ಕಟ್ಟಲು ಕಲಿತದ್ದು

ಆಗಿನ್ನೂ ಭೂಮಿಯ ಮಣ್ಣು ಹಸಿಹಸಿಯಾಗಿತ್ತು. ಬೆಟ್ಟಗಳು ಆಗಷ್ಟೇ ಕೂತು ಮೈ ಸರಿಮಾಡಿಕೊಳ್ಳುತ್ತಿದ್ದವು. ಹೊಳೆಗೆ ತನ್ನ ದಾರಿ ಪೂರ್ತಿ ರೂಢಿಯಾಗಿರಲಿಲ್ಲ. ಒಂದು ದಿನ ಬಂಡೆಯ ಈಚೆ ಹರಿದರೆ ಇನ್ನೊಂದು ದಿನ ಆಚೆ ಹರಿಯುತ್ತಿತ್ತು. ಗಾಳಿಯಂತೂ ಇನ್ನೂ ಚಿಕ್ಕವನು. ಹಕ್ಕಿಗಳ ಮಾತು ಮನುಷ್ಯರಿಗೂ, ಮನುಷ್ಯರ ಮಾತು ಗಾಳಿಗೂ ತಿಳಿಯುತ್ತಿದ್ದ ಕಾಲ ಅದು.

ಆ ಹೊಳೆಯ ತಿರುವಿನಲ್ಲಿ ಬೊಮ್ಮಯ್ಯ ಮತ್ತು ಸಂಕವ್ವ ಅಂತ ಗಂಡ ಹೆಂಡತಿ ಇದ್ದರು. ಬೊಮ್ಮಯ್ಯ ಮಡಕೆ ಮಾಡುತ್ತಿದ್ದ. ಆ ತಿರುವಿನ ಮಣ್ಣು ಬೆಣ್ಣೆಯ ಹಾಗಿತ್ತು, ಅದಕ್ಕೇ ಅಲ್ಲಿ ಮನೆ ಕಟ್ಟಿದ್ದ. ಸಂಕವ್ವ ಮನೆಯ ಮುಂದೆ ನವಣೆ ಬೆಳೆಯುತ್ತಿದ್ದಳು, ಬೇಲಿಯ ಮೇಲೆ ಸೋರೆ ಬಳ್ಳಿ ಹಬ್ಬಿಸುತ್ತಿದ್ದಳು, ಒಂದು ಕೆಂದ ಹಸು ಸಾಕಿದ್ದಳು.

ಎಲ್ಲ ಚೆನ್ನಾಗಿತ್ತು, ಒಂದನ್ನು ಬಿಟ್ಟು. ಹೊತ್ತು ಇಳಿಯುತ್ತಿದ್ದ ಹಾಗೆ ಹೊಳೆಯ ಮೇಲಿಂದ ನೊರಜು, ಸೊಳ್ಳೆ, ಹಾರುವ ಹುಳ ಮೋಡದ ಹಾಗೆ ಎದ್ದು ಬರುತ್ತಿದ್ದವು. ಗಂಜಿಗೆ ಬೀಳುತ್ತಿದ್ದವು, ಕಣ್ಣಿಗೆ ಬೀಳುತ್ತಿದ್ದವು. ಹಸು ಹಾಲು ಕರೆಯಲು ನಿಲ್ಲುತ್ತಲೇ ಇರಲಿಲ್ಲ. ಕಾಲು ಝಾಡಿಸಿ ಚೆಂಬು ಉರುಳಿಸಿಬಿಡುತ್ತಿತ್ತು.

"ಈ ಜಾಗದ ಸಹವಾಸ ಸಾಕು. ಮಣ್ಣು ಎಷ್ಟು ಚೆನ್ನಾಗಿದ್ದರೇನು, ಬದುಕೋಕೆ ಆಗಬೇಕಲ್ಲ. ಬೇರೆ ಕಡೆ ಹೋಗೋಣ" ಅಂದ ಬೊಮ್ಮಯ್ಯ.

ಸಂಕವ್ವ ಆಕಾಶ ನೋಡುತ್ತಾ ನಿಂತಿದ್ದಳು. ಅಲ್ಲಿ ಮೇಲೆ, ಬಲು ಮೇಲೆ, ಕವಲುತೋಕೆ ಹಕ್ಕಿಗಳು ಹಾರುತ್ತಿದ್ದವು. ಕವಲುತೋಕೆ ಗೊತ್ತಲ್ಲ ಮಗೂ? ಬೆನ್ನು ಮಿರಮಿರ ಮಿಂಚುವ ಕಡುನೀಲಿ. ಬಾಲ ಕತ್ತರಿ ಬಿಡಿಸಿ ಹಿಡಿದ ಹಾಗೆ. ಹಾರುತ್ತಲೇ ಹುಳ ಹಿಡಿಯುತ್ತದೆ, ಹಾರುತ್ತಲೇ ನೀರು ಕುಡಿಯುತ್ತದೆ.

"ಅವು ಇಲ್ಲೇ ಬಂದು ಇದ್ದರೆ?" ಅಂದಳು ಸಂಕವ್ವ.

ಆ ಕಾಲದಲ್ಲಿ ಕವಲುತೋಕೆಗೆ ಗೂಡು ಕಟ್ಟಲು ಬರುತ್ತಿರಲಿಲ್ಲ. ಹೊಳೆಯ ಮೇಲ್ಗಡೆ ಒಂದು ದೊಡ್ಡ ಬಂಡೆ ಇತ್ತು. ಅದರ ಬಿರುಕುಗಳಲ್ಲಿ ಅಷ್ಟೂ ಹಕ್ಕಿಗಳು ಒತ್ತೊತ್ತಾಗಿ ಮೊಟ್ಟೆ ಇಡುತ್ತಿದ್ದವು. ಬೇರೆಲ್ಲೂ ಮನೆ ಮಾಡಬಹುದು ಅಂತ ಅವಕ್ಕೆ ಹೊಳೆದೇ ಇರಲಿಲ್ಲ.

ಸಂಕವ್ವ ಗಾಳಿಯನ್ನು ಕೂಗಿ ಕೇಳಿದಳು. "ಗಾಳಿಯಪ್ಪಾ, ನೀನು ದಿನಾ ಅವುಗಳ ಜೊತೆ ಆಡುತ್ತೀಯ. ಅವು ಇಲ್ಲಿಗೆ ಬರಬೇಕಾದರೆ ಏನು ಮಾಡಬೇಕು?"

"ಅವಕ್ಕೆ ಎತ್ತರ ಬೇಕು. ಸುತ್ತ ಬಯಲು ಬೇಕು. ಮರ ಹತ್ತಿರ ಇದ್ದರೆ ಗಿಡುಗ ಅವಿತು ಕೂತಿರುತ್ತೆ ಅನ್ನೋ ಹೆದರಿಕೆ. ಹತ್ತಿರ ನೀರು ಬೇಕು. ಒಳಗೆ ಕತ್ತಲೆ ಇರೋ ಒಂದು ಪೊಟರೆ ಬೇಕು" ಅಂದ ಗಾಳಿ.

ನೀರು ಇತ್ತು. ಬಯಲು ಇತ್ತು. ಸಂಕವ್ವ ಬೇಲಿಯ ಕಡೆ ನೋಡಿದಳು. ಒಣಗಿದ ಸೋರೆಕಾಯಿಗಳು ಗಾಳಿಗೆ ಗಲಗಲ ಅನ್ನುತ್ತಿದ್ದವು.

ಎಂಟು ಸೋರೆಬುರುಡೆ ಆರಿಸಿದಳು. ಬೀಜ ತೆಗೆದಳು. ಪ್ರತಿಯೊಂದಕ್ಕೂ ಹಕ್ಕಿ ನುಸುಳುವಷ್ಟು ಬಾಯಿ ಕೊರೆದಳು. ಬಿಸಿಲಿಗೆ ಕಾಯದಿರಲಿ ಅಂತ ಸುಣ್ಣ ಬಳಿದಳು. ಬೊಮ್ಮಯ್ಯ ಗೊಣಗುತ್ತಲೇ ಮೂರಾಳೆತ್ತರದ ಬಿದಿರ ಗಳ ನೆಟ್ಟುಕೊಟ್ಟ. ಅದರ ತುದಿಗೆ ಅಡ್ಡಕೋಲು ಕಟ್ಟಿ ಎಂಟನ್ನೂ ತೂಗುಹಾಕಿದರು.

"ಇಷ್ಟು ದಿನ ನನಗೆ ಬುರುಡೆ ಬಿಡುತ್ತಿದ್ದೆ, ಈಗ ಹಕ್ಕಿಗಳಿಗೂ ಶುರುಮಾಡಿದೆಯಾ?" ಅಂತ ಬೊಮ್ಮಯ್ಯ ನಕ್ಕ.

"ನಗಿ ನಗಿ. ಬಂದಾಗ ನೋಡುತ್ತೀರಂತೆ" ಅಂದಳು ಸಂಕವ್ವ.

ಆ ವರ್ಷ ಒಂದೂ ಕವಲುತೋಕೆ ಬರಲಿಲ್ಲ. ಬಂದದ್ದು ಗೊರವಂಕ. ಬುರುಡೆ ತುಂಬ ಹುಲ್ಲು, ಹಾವಿನ ಪೊರೆ, ಚಿಂದಿ ತಂದು ತುರುಕಿತು. ಸಂಕವ್ವ ಗಳ ಇಳಿಸಿ ಎಲ್ಲ ತೆಗೆದಳು. ಗೊರವಂಕ ಮತ್ತೆ ತುರುಕಿತು. ಸಂಕವ್ವ ಮತ್ತೆ ತೆಗೆದಳು.

"ನಿನಗೆ ದೂರದ ಆ ಆಲದ ಮರ ಇದೆ, ಈ ಮನೆಯ ಮಾಡು ಇದೆ, ಎಲ್ಲಾದರೂ ಸರಿಹೋಗುತ್ತೆ. ಇದು ಬೇರೆಯವರಿಗೆ ಇಟ್ಟಿದ್ದು ಕಣವ್ವಾ" ಅಂತ ಅದಕ್ಕೆ ಹೇಳಿದಳು.

"ಬರದವರಿಗೆ ಇಟ್ಟು ಬಂದವರನ್ನು ಓಡಿಸುತ್ತೀಯಲ್ಲ!" ಅಂತ ಗೊರವಂಕ ಬೈದು ಹಾರಿಹೋಯಿತು. ಆ ಮಾತು ಸಂಕವ್ವನಿಗೆ ಚುರುಕ್ ಅಂದಿತು. ಅವತ್ತು ಅವಳು ಊಟ ಸರಿಯಾಗಿ ಮಾಡಲಿಲ್ಲ.

ಮಾರನೇ ದಿನ ಗಾಳಿ ಬಂದು ಮೆಲ್ಲಗೆ ಹೇಳಿದ. "ಅಲ್ಲವ್ವಾ, ಯಾರೂ ಇಲ್ಲದ ಊರಿಗೆ ನೀನಾದರೂ ಹೋಗಿ ಇರುತ್ತೀಯಾ? ಅವು ಗುಂಪಿನಲ್ಲೇ ಹುಟ್ಟಿ ಗುಂಪಿನಲ್ಲೇ ಬೆಳೆದವು. ದನಿ ಕೇಳಿಸಿದ ಕಡೆ ಇಳಿಯುತ್ತವೆ. ನಿನ್ನ ಗಳದಲ್ಲಿ ದನಿಯೇ ಇಲ್ಲ."

ಸಂಕವ್ವ ದನಿ ಕಲಿಯಲು ಹೊರಟಳು. ಬೆಳಕು ಹರಿಯುವ ಮೊದಲೇ ಬಂಡೆಯ ಕೆಳಗೆ ಹೋಗಿ ಕೂತಳು. ಬೆಳಗಿನ ಜಾವದಲ್ಲಿ ಕವಲುತೋಕೆಗಳು ಗುಳುಗುಳು, ಚಿರುಚಿರು ಅಂತ ಗಂಟಲಲ್ಲೇ ನೀರು ಹೊರಳಿಸಿದ ಹಾಗೆ ಹಾಡುತ್ತಿದ್ದವು. ಅವಳು ನಾಲಿಗೆ ಮಡಚಿ, ತುಟಿ ಚೂಪು ಮಾಡಿ, ದಿನವೂ ಅದನ್ನೇ ಅಂದು ನೋಡಿದಳು. ಮೊದಲು ಕಪ್ಪೆ ಕೂಗಿದ ಹಾಗಿತ್ತು. ಆಮೇಲೆ ಕೆಮ್ಮಿದ ಹಾಗಾಯಿತು. ಒಂದು ತಿಂಗಳಿಗೆ ಹಕ್ಕಿಯ ಹಾಗಾಯಿತು.

ಹೆಂಡತಿ ದಿನಾ ಜಾವಕ್ಕೆ ಎದ್ದು ಹೋಗುವುದನ್ನು ನೋಡಿ ನೋಡಿ ಬೊಮ್ಮಯ್ಯನ ನಗು ನಿಂತಿತು. ಒಂದು ಮಧ್ಯಾಹ್ನ ಅವನು ತಿಗರಿಯ ಮುಂದೆ ಕೂತು, ಮಡಕೆ ಬಿಟ್ಟು ಮಣ್ಣಿನ ಹಕ್ಕಿ ಮಾಡಿದ. ಸುಟ್ಟು, ಮಸಿ ಮತ್ತು ಎಣ್ಣೆ ಹಚ್ಚಿ ಉಜ್ಜಿದ. ಬೆನ್ನು ಮಿರಮಿರ ಮಿಂಚಿತು.

"ಹೇಗಿದೆ?" ಅಂದ.

"ಚೆನ್ನಾಗಿದೆ, ಆದರೆ ಇದು ಕಾಗೆಮರಿ. ಕತ್ತರಿ ಎಲ್ಲಿ?" ಅಂದಳು ಸಂಕವ್ವ.

ಬೊಮ್ಮಯ್ಯ ಹಣೆ ಚಚ್ಚಿಕೊಂಡು ಇನ್ನೆರಡು ಹಕ್ಕಿ ಮಾಡಿದ, ಕತ್ತರಿ ಬಾಲದ್ದು. ಅವನ್ನು ಅಡ್ಡಕೋಲಿನ ಮೇಲೆ ಕೂರಿಸಿದರು. ಜಾವದಲ್ಲಿ ಸಂಕವ್ವ ಗಳದ ಕೆಳಗೆ ನಿಂತು ಹಾಡತೊಡಗಿದಳು.

ಆ ವೇಳೆಗೆ ಮತ್ತೆ ಮೊಟ್ಟೆ ಇಡುವ ಕಾಲ ಬಂದು ಬಂಡೆಯಲ್ಲಿ ಜಗಳ ನಡೆದಿತ್ತು. ಹೋದ ವರ್ಷ ಹುಟ್ಟಿದ ಚಿಟುಕಿ ಅನ್ನುವ ಹೆಣ್ಣು ಕವಲುತೋಕೆಗೆ ಒಂದು ಬಿರುಕೂ ಸಿಗಲಿಲ್ಲ. "ನೀನು ಕಿರಿಯವಳು, ಮುಂದಿನ ವರ್ಷ ನೋಡೋಣ" ಅಂತ ಹಿರಿಯ ಹಕ್ಕಿಗಳು ಅಂದವು. ಅವಳ ಜೊತೆಗಾರನಿಗೂ ಸಿಕ್ಕಲಿಲ್ಲ. ಇಬ್ಬರೂ ಮುಖ ಸಪ್ಪೆ ಮಾಡಿಕೊಂಡು ಹೊಳೆಯ ಗುಂಟ ಹಾರುತ್ತಿದ್ದಾಗ ಕೆಳಗಿನಿಂದ ಹಾಡು ಕೇಳಿಸಿತು. ನೋಡಿದರೆ ಗಳದ ಮೇಲೆ ತಮ್ಮವರು!

ಚಿಟುಕಿ ಇಳಿದು ಮಣ್ಣಿನ ಹಕ್ಕಿಯ ಪಕ್ಕ ಕೂತಳು. "ಅಣ್ಣಾ, ಇಲ್ಲಿ ಜಾಗ ಇದೆಯಾ?" ಅಂದಳು. ಅದು ಮಾತಾಡಲಿಲ್ಲ. "ಅಣ್ಣಾ?" ಅಂತ ಕೊಕ್ಕಿನಿಂದ ತಟ್ಟಿದಳು. ಟಣ್ ಅಂದಿತು.

"ಮೋಸ!" ಅಂತ ಕಿರುಚಿ ಚಿಟುಕಿ ಮೇಲೆದ್ದಳು.

"ನಿಲ್ಲು ತಾಯಿ!" ಸಂಕವ್ವ ಕೆಳಗಿನಿಂದ ಕೈ ಮುಗಿದಳು. "ಹಾಡಿದ್ದು ನಾನೇ. ಆ ಹಕ್ಕಿ ಮಾಡಿದ್ದು ನನ್ನ ಗಂಡ. ನಿಮ್ಮವರ ದನಿ ಕೇಳಿಸದ ಕಡೆ ನೀವು ಇಳಿಯೋಲ್ಲವಂತೆ, ನಿಮ್ಮನ್ನ ಕರೆಯೋಕೆ ಬೇರೆ ದಾರಿ ಗೊತ್ತಾಗಲಿಲ್ಲ. ಆದರೆ ಮನೆಗಳು ಮಾತ್ರ ನಿಜವಾದವು. ಬೇಕಾದರೆ ಒಳಗೆ ಹೋಗಿ ನೋಡು."

ಚಿಟುಕಿ ಗಳದ ಸುತ್ತ ಮೂರು ಸುತ್ತು ಹಾಕಿದಳು. ಆಮೇಲೆ ಒಂದು ಬುರುಡೆಯೊಳಗೆ ನುಸುಳಿದಳು. ಒಳಗೆ ಕತ್ತಲೆಯಾಗಿತ್ತು, ತಂಪಾಗಿತ್ತು, ಗುಂಡಗೆ ಮೈಗೆ ಹೊಂದುವ ಹಾಗಿತ್ತು. ಬಹಳ ಹೊತ್ತು ಹೊರಗೆ ಬರಲೇ ಇಲ್ಲ. ಕೊನೆಗೆ ಬುರುಡೆಯ ಬಾಯಿಂದ ತಲೆ ಹೊರಗೆ ಹಾಕಿ ಕೇಳಿದಳು. "ಇದಕ್ಕೆ ಬದಲು ನಾನೇನು ಕೊಡಬೇಕು?"

"ನಿನಗೆ ಹಸಿವಾದಾಗ ಇಲ್ಲೇ ಊಟ ಮಾಡು, ಅಷ್ಟೇ" ಅಂದಳು ಸಂಕವ್ವ, ಮುಖದ ಮೇಲಿನ ನೊರಜು ಒರೆಸಿಕೊಳ್ಳುತ್ತಾ.

ಚಿಟುಕಿ ನಾಲ್ಕು ಮೊಟ್ಟೆ ಇಟ್ಟಳು. ಒಂದು ಸಂಜೆ ಕೇರೆಹಾವು ಗಳ ಹತ್ತುವುದನ್ನು ಬೊಮ್ಮಯ್ಯ ಕಂಡ. ಕೋಲಿನಿಂದ ಅದನ್ನು ಇಳಿಸಿ ಓಡಿಸಿದ. ಅವತ್ತೇ ತಳ ಒಡೆದ ಒಂದು ನುಣುಪಾದ ದೊಡ್ಡ ಮಡಕೆಯನ್ನು ಉದ್ದಕ್ಕೆ ಎರಡು ಹೋಳು ಮಾಡಿ, ಬೋರಲಾಗಿ ಗಳದ ನಡುವಿಗೆ ಎರಡೂ ಕಡೆಯಿಂದ ಕೂಡಿಸಿ ಕಟ್ಟಿದ. ಮರುದಿನ ಹಾವು ಮಡಕೆಯವರೆಗೆ ಹತ್ತಿತು, ಜಾರಿತು. ಮತ್ತೆ ಹತ್ತಿತು, ಮತ್ತೆ ಜಾರಿತು. "ಛೀ" ಅಂತ ಹೊಲದ ಇಲಿ ಹುಡುಕಿಕೊಂಡು ಹೋಯಿತು.

ನಾಲ್ಕು ಮರಿಗಳೂ ಹಾರಿದವು. ಮುಂದಿನ ವರ್ಷ ಬಂಡೆಯಲ್ಲಿ ಜಾಗ ಸಿಗದ ಎಳೆಯ ಹಕ್ಕಿಗಳೆಲ್ಲ ಚಿಟುಕಿಯ ಹಿಂದೆ ಬಂದವು. ಎಂಟು ಬುರುಡೆಯೂ ತುಂಬಿತು. ಅದರ ಮುಂದಿನ ವರ್ಷ ಸಂಕವ್ವ ಇನ್ನೂ ಹನ್ನೆರಡು ಕಟ್ಟಿದಳು. ಅವೂ ತುಂಬಿದವು. ಸಂಜೆಯಾದರೆ ಹೊಳೆಯ ಮೇಲೆ ಕವಲುತೋಕೆಗಳದೇ ಓಡಾಟ. ಹಸು ಕಣ್ಣು ಮುಚ್ಚಿ ಮೆಲುಕು ಹಾಕುತ್ತಾ ನಿಲ್ಲುತ್ತಿತ್ತು. ಚೆಂಬು ತುಂಬಿ ನೊರೆ ಉಕ್ಕುತ್ತಿತ್ತು. ಬೇರೆ ಕಡೆ ಹೋಗುವ ಮಾತನ್ನು ಬೊಮ್ಮಯ್ಯ ಮತ್ತೆ ಎತ್ತಲಿಲ್ಲ. ಸಂಕವ್ವ ಜಾವಕ್ಕೆ ಎದ್ದು ಹಾಡುವುದನ್ನೂ ಬಿಟ್ಟಳು, ಈಗ ಹಾಡಲು ಹಕ್ಕಿಗಳೇ ಇದ್ದವಲ್ಲ!

ಹೀಗಿರುವಾಗ ಒಂದು ಬೇಸಿಗೆಯ ಕೊನೆಯಲ್ಲಿ ಮೊದಲ ಮಳೆ ಬಂತು. ಮಳೆ ಕಂಡ ಖುಷಿಗೆ ಗಾಳಿ ಕುಣಿದ. ಚಿಕ್ಕವನು, ತನ್ನ ಬಲ ತನಗೇ ಗೊತ್ತಿರಲಿಲ್ಲ. ಗಳ ಲಟಕ್ಕನೆ ಮುರಿಯಿತು. ಇಪ್ಪತ್ತು ಬುರುಡೆಯೂ ನೆಲಕ್ಕೆ ಬಿದ್ದು ಚೂರುಚೂರಾದವು.

ಪುಣ್ಯಕ್ಕೆ ಮೊಟ್ಟೆ ಇನ್ನೂ ಇಟ್ಟಿರಲಿಲ್ಲ. ಆದರೆ ಇನ್ನು ಕೆಲವೇ ದಿನದಲ್ಲಿ ಇಡಬೇಕಾಗಿತ್ತು. ಒದ್ದೆ ಹಕ್ಕಿಗಳೆಲ್ಲ ಬೇಲಿಯ ಮೇಲೆ ಸಾಲಾಗಿ ಕೂತು ನಡುಗುತ್ತಿದ್ದವು. ಗಾಳಿ ಮೂಲೆಯಲ್ಲಿ ಸಪ್ಪಗೆ ನಿಂತ. "ನಾನು ಬೇಕಂತ ಮಾಡಲಿಲ್ಲ" ಅಂದ.

"ಬೇರೆ ಬುರುಡೆ ಇಲ್ಲವಾ ಅವ್ವಾ?" ಅಂದಳು ಚಿಟುಕಿ.

ಸಂಕವ್ವ ಬಳ್ಳಿ ನೋಡಿದಳು. ಆಗಷ್ಟೇ ಎರಡೆಲೆ ಬಿಟ್ಟಿತ್ತು. ಅದು ಹಬ್ಬಿ, ಕಾಯಿ ಬಿಟ್ಟು, ಒಣಗಬೇಕಾದರೆ ಎಷ್ಟೋ ತಿಂಗಳು. ಅವಳ ಕಣ್ಣಲ್ಲಿ ನೀರು ತುಂಬಿತು.

ಆಗ ಬೊಮ್ಮಯ್ಯ ಹೊಳೆಯ ದಡಕ್ಕೆ ಹೋಗಿ ಒಂದು ಹಿಡಿ ಹಸಿಮಣ್ಣು ತಂದ. "ಚಿಟುಕೀ, ಬಾ ಇಲ್ಲಿ. ನನಗೆ ನಿನ್ನ ಹಾಗೆ ಹಾರೋಕೆ ಬರೋಲ್ಲ. ಆದರೆ ಇದೊಂದು ಬರುತ್ತೆ" ಅಂದ. ಮನೆಯ ಮುಂಚಾಚಿದ ಮಾಡಿನ ಕೆಳಗೆ, ಮಳೆ ತಾಗದ ಕಡೆ, ಬೆರಳಿನಿಂದ ಒಂದು ಉಂಡೆ ಮಣ್ಣು ಒತ್ತಿದ. ಅದರ ಪಕ್ಕ ಇನ್ನೊಂದು. ಅದರ ಕೆಳಗೆ ಇನ್ನೊಂದು. "ಒಂದು ಸಾಲು ಒಣಗಲಿ, ಆಮೇಲೆ ಇನ್ನೊಂದು ಸಾಲು. ಅವಸರ ಮಾಡಿದರೆ ಬಿದ್ದುಹೋಗುತ್ತೆ."

"ನಿಮ್ಮ ಮನೆಗೇ ಅಂಟಿಸಿ ಕಟ್ಟೋದಾ?" ಚಿಟುಕಿ ಬೆರಗಾದಳು.

"ಇಷ್ಟು ವರ್ಷ ಅಂಗಳದಲ್ಲಿದ್ದವರು ಸೂರಿನ ಕೆಳಗೆ ಬಂದರೆ ನಮಗೇನು ಭಾರ?" ಅಂದಳು ಸಂಕವ್ವ.

ಹೊಳೆ ತಾನಾಗಿಯೇ ದಡ ಬಿಟ್ಟು ನಾಲ್ಕು ಮಾರು ಹಿಂದೆ ಸರಿಯಿತು, ಒಳ್ಳೆಯ ಮಣ್ಣು ಕೊಕ್ಕಿಗೆ ಎಟುಕಲಿ ಅಂತ. ಹಕ್ಕಿಗಳೆಲ್ಲ ಸಾಲುಗಟ್ಟಿ ಇಳಿದವು. ಒಂದು ಕೊಕ್ಕು ಮಣ್ಣು, ಒಂದು ಹಾರಾಟ. ಇನ್ನೊಂದು ಕೊಕ್ಕು ಮಣ್ಣು, ಇನ್ನೊಂದು ಹಾರಾಟ. ಗಾಳಿ ತನ್ನ ಬಲ ಬಿಗಿಹಿಡಿದು, ಮಣ್ಣು ಬಿರಿಯದ ಹಾಗೆ ಮೆಲ್ಲಮೆಲ್ಲಗೆ ಊದಿ ಒಣಗಿಸಿದ.

ಅವಕ್ಕೆ ಗೊತ್ತಿದ್ದದ್ದು ಒಂದೇ ಬಗೆಯ ಮನೆ. ಆದ್ದರಿಂದ ಹೊಟ್ಟೆ ಗುಂಡಗೆ ಕಟ್ಟಿದವು, ಕುತ್ತಿಗೆ ಸಣ್ಣಗೆ ಎಳೆದವು, ತುದಿಯಲ್ಲಿ ಒಂದು ಪುಟ್ಟ ಬಾಯಿ ಬಿಟ್ಟವು. ಹದಿನೈದು ದಿನ ಕಳೆಯುವಷ್ಟರಲ್ಲಿ ಬೊಮ್ಮಯ್ಯನ ಮಾಡಿನ ಕೆಳಗೆ ಇಪ್ಪತ್ತು ಮಣ್ಣಿನ ಸೋರೆಬುರುಡೆ ಒಂದಕ್ಕೊಂದು ಒತ್ತಿಕೊಂಡು ಅಂಟಿಕೊಂಡಿದ್ದವು. ಬೊಮ್ಮಯ್ಯ ಒಂದನ್ನು ಬೆರಳಿನಿಂದ ತಟ್ಟಿ ನೋಡಿದ, ಹೆಂಡತಿಯ ಕಡೆ ತಿರುಗಿದ.

"ನನ್ನ ಮಡಕೆಗಿಂತ ಗಟ್ಟಿ ಕಣೇ" ಅಂದ, ತುಂಬ ಸಂತೋಷದಿಂದ.

ಮುಂದೆ ಚಿಟುಕಿಯ ಮಕ್ಕಳು, ಮೊಮ್ಮಕ್ಕಳು ಊರೂರಿಗೆ ಹೋದರು. ಜನ ಎಲ್ಲಿ ಸೂರು ಹಾಕಿದರೋ, ಸೇತುವೆ ಕಟ್ಟಿದರೋ, ಅಲ್ಲೆಲ್ಲ ಗುಂಪಾಗಿ ಹೋಗಿ ಕಟ್ಟಿದರು. ಅದಕ್ಕೇ ಮಗೂ, ಮೊದಲ ಮಳೆ ಬಿದ್ದ ಮೇಲೆ ಕವಲುತೋಕೆಗಳು ಕೆಸರಿನ ಅಂಚಿಗೆ ಇಳಿದು ಒಂದೊಂದೇ ಕೊಕ್ಕು ಮಣ್ಣು ಹೊತ್ತು ಸೇತುವೆಯ ಅಡಿಗೆ ಹಾರುವುದನ್ನು ನೀನು ಇವತ್ತಿಗೂ ನೋಡುತ್ತೀಯ, ಅಲ್ಲಿ ಬಗ್ಗಿ ನೋಡಿದರೆ ಸಾಲುಸಾಲು ಮಣ್ಣಿನ ಸೋರೆಬುರುಡೆಗಳಿಂದ ಪುಟ್ಟ ಪುಟ್ಟ ತಲೆಗಳು ನಿನ್ನನ್ನೇ ನೋಡುತ್ತಿರುತ್ತವೆ.